ರಾತ್ರಿ ಒಂಬತ್ತರ ಥರ್ಮಾಕೋಲ್

(ಪ್ರಾಥಮಿಕ ಶಾಲೆಗೆ ಹೋಗುವ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ನಮಸ್ಕಾರ.

"ಅಮ್ಮಾ, ನಾಳೆ ಜ್ವಾಲಾಮುಖಿ ತಗೊಂಡು ಹೋಗ್ಬೇಕು."

ಜ್ವಾಲಾಮುಖಿ ಅಂದರೆ ಶಾಲೆಯ ಪ್ರಾಜೆಕ್ಟಿಗೆ ಮನೆಯಲ್ಲಿ ಮಾಡುವ ಅದರ ಮಾದರಿ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಈ ಮಾತು ಸಂಜೆ ಐದಕ್ಕೆ ಕೇಳಿಸುವುದಿಲ್ಲ. ಐದಕ್ಕೆ ಸ್ಟೇಷನರಿ ಅಂಗಡಿ ತೆರೆದಿರುತ್ತದಲ್ಲ, ಅದಕ್ಕೇ. ಊಟ ಮುಗಿದು, ಪಾತ್ರೆ ತೊಳೆದು, ಹಾಸಿಗೆ ಹಾಸಿದ ಮೇಲೆಯೇ ಇದು ಬರಬೇಕು. ಅಂಗಡಿಯವನು ಷಟರ್ ಎಳೆದ ಸದ್ದಿಗೇ ಮಗುವಿಗೆ ನೆನಪಾಯಿತೇನೋ ಅನ್ನಿಸುವಷ್ಟು ಲೆಕ್ಕಾಚಾರ.

ಇದರಲ್ಲಿ ಮಗುವಿನ ತಪ್ಪು ಕಡಿಮೆ. ಏಳೆಂಟು ವರ್ಷದವರಿಗೆ ನಾಳೆ ಮಾಡಬೇಕಾದ ಕೆಲಸ ತಾನಾಗಿ ನೆನಪಿಗೆ ಬರುವುದು ಕಷ್ಟ, ಕಣ್ಣಿಗೆ ಏನಾದರೂ ಬೀಳಬೇಕು. ಹಾಗೆ ಬೀಳುವ ವಸ್ತು ಶಾಲೆಯ ಡೈರಿ. ಡೈರಿ ಹೊರಗೆ ಬರುವುದು ಮರುದಿನದ ಟೈಮ್‌ಟೇಬಲ್ ನೋಡಿ ಬ್ಯಾಗ್ ಜೋಡಿಸುವಾಗ. ನಾವು ಆ ಕೆಲಸವನ್ನು ಮಲಗುವ ಹೊತ್ತಿಗೆ ಇಟ್ಟಿರುತ್ತೇವೆ. ಸಂಜೆ ತಿಂಡಿ ತಿಂದು ಆಡಲು ಓಡುವ ಮುಂಚೆಯೇ ಬ್ಯಾಗ್ ಜೋಡಿಸುವ ರೂಢಿ ಮಾಡಿದರೆ ಅದೇ ಜ್ವಾಲಾಮುಖಿ ಐದೂವರೆಗೆ ಸಿಡಿಯುತ್ತದೆ. ಅಂಗಡಿಯೂ ತೆರೆದಿರುತ್ತದೆ, ನಿಮ್ಮ ತಾಳ್ಮೆಯೂ.

ಈ ರೂಢಿ ಇಲ್ಲದ ಮನೆಯಲ್ಲಿ ಮುಂದೇನಾಗುತ್ತದೆ ಎಂದು ನೋಡೋಣ. ಅಪ್ಪ ಮೊಬೈಲ್ ಕೆಳಗಿಟ್ಟು "ಕೊಡಿಲ್ಲಿ, ನಾನು ಮಾಡ್ತೀನಿ" ಅನ್ನುತ್ತಾನೆ. ಮನೆಯ ಹಾಸ್ಯ ಶುರುವಾಗುವುದು ಇಲ್ಲಿಂದ. ಮಗು ಮಾಡಿದ್ದರೆ ಸೊಟ್ಟಗಾಗಿ ಮುಗಿದುಹೋಗುತ್ತಿದ್ದ ಕೆಲಸಕ್ಕೆ ಈಗ ದೊಡ್ಡವರ ಮರ್ಯಾದೆ ಪ್ರಶ್ನೆ ಸೇರಿಕೊಂಡಿತು.

ಅಟ್ಟದ ಮೇಲಿಂದ ಹಳೆ ಟಿವಿ ಡಬ್ಬದ ಥರ್ಮಾಕೋಲ್ ಇಳಿಯುತ್ತದೆ. ಅಡುಗೆಮನೆ ಚಾಕುವಿನಲ್ಲಿ ಕೊಯ್ಯಲು ಹೋದರೆ ಮನೆ ತುಂಬ ಬಿಳಿ ಮಣಿ. ಮೊಂಡು ಅಲಗು ಥರ್ಮಾಕೋಲನ್ನು ಕತ್ತರಿಸುವುದಿಲ್ಲ, ಮಣಿಗಳನ್ನು ಕಿತ್ತು ಎಳೆಯುತ್ತದೆ. ಪೇಪರ್ ಕಟರಿನ ಹೊಸ ಅಲಗು ಹಾಕಿ, ಅದನ್ನು ಪೂರ್ತಿ ಮಲಗಿಸಿ, ಒಂದೇ ಸಲಕ್ಕೆ ತುಂಡು ಮಾಡಲು ಹೋಗದೆ ಮೂರ್ನಾಲ್ಕು ಸಲ ಹಗುರವಾಗಿ ಎಳೆದರೆ ಅಂಚು ನೀಟಾಗಿ ಬರುತ್ತದೆ. ಉದುರಿದ ಮಣಿಯನ್ನು ಪೊರಕೆಯಲ್ಲಿ ಗುಡಿಸಬೇಡಿ. ಸ್ಥಿರವಿದ್ಯುತ್ತಿನಿಂದ ಅವು ಪೊರಕೆಗೂ ಕೈಗೂ ಮೆತ್ತಿಕೊಳ್ಳುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಆಮೇಲೆ ಅಂಟು. ಫೆವಿಕಾಲ್ ಹಚ್ಚಿ ಐದು ನಿಮಿಷ ಒತ್ತಿ ಹಿಡಿದರೂ ಜಾರುತ್ತದೆ. "ಇದ್ಯಾವ ಡೂಪ್ಲಿಕೇಟ್ ಫೆವಿಕಾಲು" ಎಂದು ಬೈಯುವ ಮುನ್ನ ಯೋಚಿಸಿ. ಅದು ನೀರಿನ ಅಂಟು, ನೀರು ಹೊರಗೆ ಹೋದರಷ್ಟೇ ಗಟ್ಟಿಯಾಗುತ್ತದೆ. ಮರವಾದರೆ ನೀರು ಹೀರುತ್ತದೆ, ಥರ್ಮಾಕೋಲ್ ಹೀರುವುದಿಲ್ಲ. ಎರಡು ಅಗಲವಾದ ತುಂಡುಗಳ ನಡುವೆ ಸಿಕ್ಕಿಬಿದ್ದ ಅಂಟು ಬೆಳಗ್ಗೆಯಾದರೂ ಹಸಿಯಾಗಿಯೇ ಇರುತ್ತದೆ. ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಗಾಳಿಗೆ ಬಿಟ್ಟು, ಆಮೇಲೆ ಜೋಡಿಸಿ ಎರಡು ಮೂರು ಕಡೆ ಟೂತ್‌ಪಿಕ್ ಚುಚ್ಚಿಬಿಡಿ. ಅಂಟು ನಿಧಾನವಾಗಿ ಒಣಗಲಿ, ಟೂತ್‌ಪಿಕ್ ಹಿಡಿದುಕೊಂಡಿರುತ್ತದೆ.

ತಾಳ್ಮೆಗೆಟ್ಟ ಅಪ್ಪಂದಿರು ಇಲ್ಲಿ ಫೆವಿಕ್ವಿಕ್ ತರುತ್ತಾರೆ. ಅದು ಥರ್ಮಾಕೋಲನ್ನು ತಿಂದುಹಾಕುತ್ತದೆ. ಸ್ಪ್ರೇ ಪೇಂಟ್ ಅಂತೂ ಇನ್ನೂ ಮಜಾ. ಅದರ ದ್ರಾವಕಕ್ಕೆ ಪಾಲಿಸ್ಟೈರೀನ್, ಅಂದರೆ ಥರ್ಮಾಕೋಲ್ ಆಗಿರುವ ಪ್ಲಾಸ್ಟಿಕ್, ಕರಗುತ್ತದೆ. ಥರ್ಮಾಕೋಲಿನ ಒಳಗೆ ಬಹುಪಾಲು ಗಾಳಿಯೇ ಆದ್ದರಿಂದ, ಕರಗಿತು ಅಂದರೆ ಬೆಟ್ಟದಷ್ಟಿದ್ದದ್ದು ಕಣ್ಣೆದುರೇ ಕುಸಿದು ಅಂಟಾದ ಬಿಲ್ಲೆಯಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಜ್ವಾಲಾಮುಖಿ ನಿಜಕ್ಕೂ ಸಿಡಿದದ್ದನ್ನು ನೋಡಿದ ಮಗು ಮಾತ್ರ ಚಪ್ಪಾಳೆ ತಟ್ಟುತ್ತದೆ. ನೀರಿನಲ್ಲಿ ಕಲಸುವ ಪೋಸ್ಟರ್ ಬಣ್ಣ ಬಳಿಯಿರಿ, ಅದಕ್ಕೆ ಕಾಲು ಭಾಗ ಫೆವಿಕಾಲ್ ಸೇರಿಸಿದರೆ ಬಣ್ಣ ಜಾರದೆ ಹಿಡಿಯುತ್ತದೆ.

ಇನ್ನೊಂದು ಸಂಗತಿ. 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಾದ ಏಕಬಳಕೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಕೂಡ ಇದೆ. ಆದರೂ "ಪ್ಲಾಸ್ಟಿಕ್ ತ್ಯಜಿಸಿ, ಪರಿಸರ ಉಳಿಸಿ" ಎಂಬ ಮಾದರಿ ಬಹಳ ಮನೆಗಳಲ್ಲಿ ತಯಾರಾಗುವುದು ಥರ್ಮಾಕೋಲಿನ ಮೇಲೆಯೇ, ಸುತ್ತ ಪ್ಲಾಸ್ಟಿಕ್ ಗಿಡಗಳ ಸಮೇತ. ಇದಕ್ಕೂ ರಾತ್ರಿ ಒಂಬತ್ತೇ ಕಾರಣ. ಕಾಗದ ಮತ್ತು ಮೈದಾ ಅಂಟಿನಲ್ಲಿ ಗಟ್ಟಿಮುಟ್ಟಾದ ಬೆಟ್ಟ ಮಾಡಬಹುದು, ಆದರೆ ಪ್ರತಿ ಪದರ ಒಣಗಲು ಹತ್ತಿರ ಹತ್ತಿರ ಒಂದು ದಿನ ಬೇಕು. ಅಷ್ಟು ಸಮಯ ಇಲ್ಲದವರು ಕೊರಿಯರ್ ಬಂದ ರಟ್ಟಿನ ಡಬ್ಬ ಬಿಡಿಸಿ ಬುಡಕ್ಕಿಟ್ಟು, ನಡುವೆ ಲಾವಾ ಉಕ್ಕಲು ಒಂದು ಬಾಟಲಿ ನಿಲ್ಲಿಸಿ, ದಿನಪತ್ರಿಕೆ ಉಂಡೆಗಳನ್ನು ಅದರ ಸುತ್ತ ಪೇರಿಸಿ, ಮಾಸ್ಕಿಂಗ್ ಟೇಪ್ ಸುತ್ತಿಬಿಡಿ. ಒಣಗಬೇಕಾದ್ದು ಏನೂ ಇಲ್ಲ. ಏಳು ವರ್ಷದ ಮಗು ಇಷ್ಟನ್ನೂ ತಾನೇ ಮಾಡಬಲ್ಲದು, ಡಬ್ಬ ಕತ್ತರಿಸುವುದೊಂದು ಬಿಟ್ಟು.

ಬೆಟ್ಟ ಆಯಿತು, ಲಾವಾ? ಇಲ್ಲಿ ಸಾಮಾನ್ಯ ತಪ್ಪು ಅಡುಗೆ ಸೋಡಾ ಬದಲು ಬೇಕಿಂಗ್ ಪೌಡರ್ ಹಾಕುವುದು. ಅದರಲ್ಲಿ ಸೋಡಾ ಜೊತೆ ಪಿಷ್ಟವೂ ಇರುತ್ತದೆ, ಹಾಗಾಗಿ ಲಾವಾ ಬದಲು ಗಂಜಿ ಬರುತ್ತದೆ. ಎರಡನೇ ತಪ್ಪು, ಜಾಸ್ತಿ ಸೋಡಾ ಹಾಕಿದರೆ ಜಾಸ್ತಿ ಉಕ್ಕುತ್ತದೆ ಅನ್ನುವ ನಂಬಿಕೆ. ಅಂಗಡಿಯಲ್ಲಿ ಸಿಗುವ ಶೇಕಡ 4ರ ವಿನೆಗರ್ 100 ಮಿಲಿಲೀಟರಿಗೆ ಸಮವಾಗಿ ತುಂಬಿದ ಒಂದು ಟೀ ಚಮಚ ಸೋಡಾ ಸಾಕು. ಅದಕ್ಕಿಂತ ಹೆಚ್ಚಾದದ್ದು ತಳದಲ್ಲಿ ಸುಮ್ಮನೆ ಕೂರುತ್ತದೆ. ಅಷ್ಟರಿಂದಲೇ ಸುಮಾರು ಒಂದೂವರೆ ಲೀಟರ್ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. 200 ಮಿಲಿಲೀಟರಿನ, ಬಾಯಿ ಕಿರಿದಾದ ಬಾಟಲಿಯಾದರೆ ಅನಿಲಕ್ಕೆ ಜಾಗ ಸಾಲದೆ ಉಕ್ಕುತ್ತದೆ. ಅಗಲ ಬಾಯಿಯ ಜಾಮ್ ಬಾಟಲಿಯಾದರೆ ಬುಸ್ ಎಂದು ಸದ್ದಷ್ಟೇ. ವಿನೆಗರ್, ಬೀಟ್‌ರೂಟ್ ರಸ, ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ, ಇವು ಮೊದಲೇ ಬಾಟಲಿಯಲ್ಲಿರಲಿ. ಪಾತ್ರೆ ತೊಳೆಯುವ ದ್ರವ ಇಲ್ಲದಿದ್ದರೆ ನೊರೆ ನಿಲ್ಲುವುದಿಲ್ಲ. ಸೋಡಾವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಒಳಗೆ ಹಾಕಿದರೆ ಕಾಗದ ನೆನೆಯುವಷ್ಟರಲ್ಲಿ ಮಗು ಹಿಂದೆ ಸರಿಯಬಹುದು. ಬಿಳಿ ಯೂನಿಫಾರ್ಮಿನ ದಿನ ಈ ಎರಡು ಮೂರು ಸೆಕೆಂಡಿಗೆ ಬಹಳ ಬೆಲೆ.

ವಿನೆಗರ್ ಇಲ್ಲವೇ? ನಿಂಬೆರಸವೂ ನಡೆಯುತ್ತದೆ. ನಿಂಬೆಹಣ್ಣೂ ಇಲ್ಲದಿದ್ದರೆ ರಾತ್ರಿ ತೆರೆದಿರುವ ಮೆಡಿಕಲ್ ಶಾಪಿನಿಂದ ಈನೋ ಪೊಟ್ಟಣ ತನ್ನಿ. ಸೋಡಾ, ಸಿಟ್ರಿಕ್ ಆಮ್ಲ ಎರಡೂ ಅದರಲ್ಲೇ ಇವೆ, ಬರೀ ನೀರು ಸಾಕು. ಇಷ್ಟು ಹೊತ್ತಿನ ಓಡಾಟಕ್ಕೆ ಮನೆಯವರಿಗೂ ಒಂದು ಪೊಟ್ಟಣ ಬೇಕಾಗಬಹುದು.

ಸೌರವ್ಯೂಹದ ಮಾದರಿಯದು ಇನ್ನೊಂದು ಕಥೆ. ಅಪ್ಪನಿಗೆ "ಸ್ಕೇಲ್ ಪ್ರಕಾರ ಮಾಡೋಣ" ಎಂಬ ಹುಮ್ಮಸ್ಸು ಬಂದರೆ ತಡೆಯಿರಿ. ಸೂರ್ಯನಿಗೆ 15 ಸೆಂಟಿಮೀಟರಿನ ಚೆಂಡು ಇಟ್ಟರೆ ಭೂಮಿ ಒಂದು ರಾಗಿ ಕಾಳು. ಆ ರಾಗಿ ಕಾಳನ್ನು ಇಡಬೇಕಾದ್ದು 16 ಮೀಟರ್ ಆಚೆ, ಅಂದರೆ ಪಕ್ಕದ ತರಗತಿಯನ್ನೂ ದಾಟಿ. ಗುರು ಒಂದು ಗೋಲಿ, 84 ಮೀಟರ್ ದೂರದಲ್ಲಿ. ನೆಪ್ಚೂನಿಗೆ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ನಡೆಯಬೇಕು. ಆದ್ದರಿಂದ ನಿಮ್ಮ ಮನೆಯಲ್ಲಿ ಕಡ್ಡಿಗೆ ಚುಚ್ಚಿದ ನಿಂಬೆಹಣ್ಣು ಗಾತ್ರದ ಭೂಮಿ ಶುದ್ಧ ಸುಳ್ಳು. ಸುಳ್ಳೇ ಇರಲಿ, ಮಗುವೇ ಉಂಡೆ ಮಾಡಲಿ. ಆದರೆ ಈ ಲೆಕ್ಕ ಹೇಳಿ, ಒಂದು ರಾಗಿ ಕಾಳನ್ನು ಬೆಂಕಿಪೊಟ್ಟಣದಲ್ಲಿಟ್ಟು ಕಳಿಸಿ. ಪ್ರದರ್ಶನದಲ್ಲಿ ಎಲ್ಲರೂ ಬಗ್ಗಿ ನೋಡುವುದು ಅದನ್ನೇ.

ಚಾರ್ಟ್ ವಿಷಯ ಬೇಗ ಮುಗಿಸುತ್ತೇನೆ. ಚಾರ್ಟ್ ಹಾಳೆ ಸಾಮಾನ್ಯವಾಗಿ 56 ಸೆಂಟಿಮೀಟರ್ ಅಗಲ, 71 ಉದ್ದ. "ಪರಿಸರ ಮಾಲಿನ್ಯ" ಎಂಬ ಶೀರ್ಷಿಕೆಯಲ್ಲಿ "ಪರಿಸರ" ದೊಡ್ಡದಾಗಿ ಮೆರೆದು, "ಮಾಲಿ" ಸಣ್ಣಗಾಗಿ, "ನ್ಯ" ಅಂಚಿನಲ್ಲಿ ಕೆಳಕ್ಕೆ ಜೋತುಬಿದ್ದಿರುವುದನ್ನು ಎಲ್ಲರೂ ನೋಡಿದ್ದೀರಿ. ಏಳು ಅಕ್ಷರ, ಒಂದು ಖಾಲಿ ಜಾಗ, ಒಟ್ಟು ಎಂಟು. ಎರಡೂ ಬದಿ ನಾಲ್ಕು ನಾಲ್ಕು ಸೆಂಟಿಮೀಟರ್ ಬಿಟ್ಟರೆ ಉಳಿಯುವುದು 48. ಅಕ್ಷರಕ್ಕೆ ಆರು ಸೆಂಟಿಮೀಟರ್. ಮಗುವಿನಿಂದಲೇ ಭಾಗಾಕಾರ ಮಾಡಿಸಿ, ಪೆನ್ಸಿಲಿನಲ್ಲಿ ಚೌಕ ಹಾಕಿಸಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡುವುದನ್ನು ಮಾತ್ರ ನೆನಪಿಸಿ. ಅಕ್ಷರದ ಎತ್ತರದ ಮೂರನೇ ಒಂದು ಭಾಗವಾದರೂ ಬೇಕು, ಇಲ್ಲದಿದ್ದರೆ ಯ ಒತ್ತು ಕೆಳಗಿನ ಚಿತ್ರದ ಕಾರ್ಖಾನೆಯ ಚಿಮಣಿಗೆ ಸಿಕ್ಕಿಕೊಳ್ಳುತ್ತದೆ. ಸುತ್ತುವಾಗ ಚಿತ್ರ ಹೊರಮುಖವಾಗಿರಲಿ. ಆಗ ಬಿಚ್ಚಿದ ಮೇಲೆ ಅಂಚು ಗೋಡೆಯ ಕಡೆಗೆ ಬಾಗಿ ಚಾರ್ಟ್ ನೆಟ್ಟಗೆ ನಿಲ್ಲುತ್ತದೆ.

ಜೂನ್ ಮೊದಲ ವಾರದ ಬೈಂಡ್ ಹಬ್ಬಕ್ಕೆ ಬರೋಣ. ಹತ್ತು ಹನ್ನೆರಡು ಪುಸ್ತಕ, ಕಂದು ಹಾಳೆಯ ಒಂದು ಸುರುಳಿ, ಎಲ್ಲಿ ತುದಿ ಎಂದು ತಿಳಿಯದ ಸೆಲೋ ಟೇಪು. ಬೈಂಡ್ ಹಾಕಿದ ಪುಸ್ತಕ ಮುಚ್ಚುವುದೇ ಇಲ್ಲ, ಮೊಸಳೆಯ ಹಾಗೆ ಬಾಯಿ ತೆರೆದೇ ಇರುತ್ತದೆ. ಪುಸ್ತಕವನ್ನು ತೆರೆದಿಟ್ಟುಕೊಂಡು ಅಂಚು ಮಡಿಸಿದ್ದೇ ಇದಕ್ಕೆ ಕಾರಣ. ಮುಚ್ಚಿದಾಗ ಹಾಳೆ ಬೆನ್ನಿನ ದಪ್ಪವನ್ನೂ ಸುತ್ತಿ ಬರಬೇಕು, ಅಷ್ಟು ಹಾಳೆ ಉಳಿದಿರುವುದಿಲ್ಲ. ಪುಸ್ತಕ ಮುಚ್ಚಿಟ್ಟೇ ಗೆರೆ ಮಡಿಸಿ. 18 ಸೆಂಟಿಮೀಟರ್ ಅಗಲದ ನೋಟ್‌ಬುಕ್ಕಿಗೆ ಎರಡು ರಟ್ಟಿಗೆ 36, ಬೆನ್ನಿಗೆ ಒಂದು, ಒಳ ಮಡಿಕೆಗೆ ಐದೈದು, ಒಟ್ಟು 47 ಸೆಂಟಿಮೀಟರ್. ಲೇಬಲ್ ಅಂಟಿಸುವ ಮುಂಚೆ ಪುಸ್ತಕ ತೆರೆದು ನೋಡಿ. ತಲೆಕೆಳಗಾದ ಲೇಬಲ್ಲಿಗೆ ಮಗು ಇಡೀ ವರ್ಷ "ಇದು ಅಪ್ಪ ಅಂಟಿಸಿದ್ದು" ಎಂದು ವಿವರಣೆ ಕೊಡುತ್ತಲೇ ಇರುತ್ತದೆ.

ಬೈಂಡ್ ಹಾಕಿದ್ದೆಲ್ಲ ಹೋಗಿ ಸೇರುವುದು ಬ್ಯಾಗಿಗೆ. 2019ರ ರಾಜ್ಯ ಸರ್ಕಾರದ ಸುತ್ತೋಲೆ, ಬ್ಯಾಗಿನ ತೂಕ ಮಗುವಿನ ತೂಕದ ಶೇಕಡ 10 ಮೀರಬಾರದು ಎಂದಿತ್ತು. ಒಂದು, ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕೆಜಿ, ಮೂರರಿಂದ ಐದಕ್ಕೆ ಎರಡರಿಂದ ಮೂರು ಕೆಜಿ. ಈಗ ನಿಮ್ಮ ಮನೆಯ ಬ್ಯಾಗ್ ತೂಗಿ. ಮಗುವನ್ನು ಬ್ಯಾಗ್ ಸಮೇತ ನಿಲ್ಲಿಸಿ, ಆಮೇಲೆ ಬ್ಯಾಗಿಲ್ಲದೆ ನಿಲ್ಲಿಸಿ, ಕಳೆಯಿರಿ. ಶಾಲೆಯನ್ನು ಬೈಯುವ ಮುನ್ನ ಒಂದು ಲೀಟರ್ ನೀರಿನ ಬಾಟಲಿ ಹೊರಗೆ ತೆಗೆಯಿರಿ. ನೀರೇ ಒಂದು ಕೆಜಿ, ಒಂದನೇ ತರಗತಿಯ ಮಿತಿಯಲ್ಲಿ ಅರ್ಧ ಅಲ್ಲೇ ಮುಗಿಯಿತು. ಶಾಲೆಯಲ್ಲಿ ಕುಡಿಯುವ ನೀರು ಚೆನ್ನಾಗಿದ್ದರೆ ಅರ್ಧ ಲೀಟರಿನ ಬಾಟಲಿ ಸಾಕು, ಅಲ್ಲೇ ತುಂಬಿಕೊಳ್ಳಲಿ. ನಂತರ ತಳ ಜಾಲಾಡಿ. ನುಣುಪಾದ ಕಲ್ಲು ನಾಲ್ಕು, ಯಾರದೋ ರಬ್ಬರ್ ಎರಡು, ಒಂದು ಕಾಲಿನ ಸಾಕ್ಸು, ಹುಣಸೆಬೀಜ, ಕಳೆದ ಸಭೆಗೆ ನಿಮ್ಮನ್ನು ಕರೆದ ಸುತ್ತೋಲೆ. ಕಲ್ಲುಗಳನ್ನು ಮಗುವನ್ನು ಕೇಳದೆ ಎಸೆಯಬೇಡಿ, ಅವಕ್ಕೆ ಹೆಸರಿರಬಹುದು.

ಟಿಫಿನ್ ಡಬ್ಬದ ಬಗ್ಗೆ ಒಂದೇ ಮಾತು. ತಿಂಡಿ ವಾಪಸ್ ಬಂದರೆ ರುಚಿಯನ್ನು ಅನುಮಾನಿಸುವ ಮುನ್ನ ಮುಚ್ಚಳವನ್ನು ಅನುಮಾನಿಸಿ. ಬಿಸಿ ತಿಂಡಿ ಹಾಕಿ ಬಿಗಿಯಾಗಿ ಮುಚ್ಚಿದರೆ ಒಳಗಿನ ಆವಿ ತಣ್ಣಗಾಗಿ ಮುಚ್ಚಳವನ್ನು ಒಳಕ್ಕೆ ಎಳೆಯುತ್ತದೆ. ಆರು ವರ್ಷದ ಬೆರಳಿಗೆ ಅದು ಬಿಚ್ಚುವುದಿಲ್ಲ, ಕೇಳಲು ನಾಚಿಕೆ, ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಐದು ನಿಮಿಷ ಆರಿಸಿ ಮುಚ್ಚಿ, ಮನೆಯಲ್ಲೇ ಮಗುವಿನಿಂದ ಬಿಚ್ಚಿಸಿ ನೋಡಿ. ಶನಿವಾರದ ಡಬ್ಬವನ್ನು ಶನಿವಾರವೇ ತೆಗೆಯಿರಿ. ಸೋಮವಾರ ತೆಗೆದರೆ ಅದೇ ಒಂದು ವಿಜ್ಞಾನ ಪ್ರಾಜೆಕ್ಟು.

ಹೋಮ್‌ವರ್ಕ್. 52ರಲ್ಲಿ 27 ಕಳೆಯಬೇಕು. "ಎರಡರಲ್ಲಿ ಏಳು ಹೋಗಲ್ಲ ಪುಟ್ಟಾ, ಪಕ್ಕದ ಐದರ ಹತ್ರ ಒಂದು ಸಾಲ ತಗೋ" ಅನ್ನುತ್ತಾಳೆ ಅಮ್ಮ. "ವಾಪಸ್ ಯಾವಾಗ ಕೊಡೋದು?" ಕೇಳುತ್ತದೆ ಮಗು. ನ್ಯಾಯವಾದ ಪ್ರಶ್ನೆ. ಯಾವತ್ತೂ ಕೊಡುವುದಿಲ್ಲ. ಅಲ್ಲದೆ ಒಂದು ಸಾಲ ತಗೊಂಡರೆ ಹತ್ತು ಬರುವುದು ಯಾವ ಊರಿನ ಲೆಕ್ಕ? ಇಲ್ಲಿ ಪುಸ್ತಕ ಮುಚ್ಚಿ, ಹತ್ತರ ಐದು ನೋಟು, ಒಂದರ ಎರಡು ನಾಣ್ಯ ಕೈಗೆ ಕೊಡಿ. "ನನಗೆ ಇಪ್ಪತ್ತೇಳು ಕೊಡು" ಅನ್ನಿ. ಎರಡು ನೋಟು ಕೊಟ್ಟು, ಏಳಕ್ಕೆ ಚಿಲ್ಲರೆ ಸಾಲದೆ ಒಂದು ನೋಟು ಮುರಿಸುತ್ತದೆ. ಮುರಿಸಿದ್ದೇ ಆ ಸಾಲ. ಎದುರಿಗೆ 25 ಉಳಿಯುತ್ತದೆ. ಆ ಇಪ್ಪತ್ತೈದು ರೂಪಾಯಿ ನಿಮಗೆ ವಾಪಸ್ ಬರುವ ಭರವಸೆ ಇಲ್ಲ, ಟ್ಯೂಷನ್ ಫೀಸ್ ಅಂದುಕೊಳ್ಳಿ.

ಇದೆಲ್ಲ ಆದ ಮೇಲೂ "ನಮ್ಮ ಮಿಸ್ ಹೀಗೆ ಹೇಳ್ಕೊಟ್ಟಿಲ್ಲ" ಎಂಬ ತೀರ್ಪು ಬರಬಹುದು. ಮೈಸೂರಿನ ಮಿಸ್ಸಾಗಲಿ, ಧಾರವಾಡದ ಅಕ್ಕೋರಾಗಲಿ, ಈ ವಯಸ್ಸಿನಲ್ಲಿ ಅವರ ಮಾತೇ ಸುಪ್ರೀಂ ಕೋರ್ಟು. ಎಂಜಿನಿಯರ್ ಅಪ್ಪನ ಮೇಲ್ಮನವಿ ಅಲ್ಲಿ ನಿಲ್ಲುವುದಿಲ್ಲ. ವಾದ ಬೇಡ, "ಮಿಸ್ ಹೇಗೆ ಹೇಳಿಕೊಟ್ರು, ನನಗೂ ತೋರಿಸು" ಅನ್ನಿ. ತೋರಿಸುತ್ತಾ ತೋರಿಸುತ್ತಾ ತಾನೇ ಲೆಕ್ಕ ಮುಗಿಸಿಬಿಡುತ್ತದೆ.

ಮಗ್ಗಿಯ ಗಲಾಟೆಗೂ ಒಂದು ಲೆಕ್ಕವಿದೆ. ಹತ್ತರವರೆಗಿನ ಮಗ್ಗಿಯಲ್ಲಿ ನೂರು ಸಾಲು. ಒಂದು, ಎರಡು, ಐದು, ಹತ್ತರ ಮಗ್ಗಿ ಸುಲಭ, ಬಿಡಿ. ಏಳೆಂಟ್ಲಿ ಆದರೂ ಎಂಟೇಳ್ಲಿ ಆದರೂ ಐವತ್ತಾರೇ, ಹಾಗಾಗಿ ಜೋಡಿಯನ್ನು ಒಂದೇ ಎಂದು ಹಿಡಿಯಿರಿ. ಉಳಿಯುವುದು ಬರೀ 21. ಅಷ್ಟನ್ನು ಚೀಟಿ ಮಾಡಿ ಡಬ್ಬಿಗೆ ಹಾಕಿ, ದಿನಕ್ಕೆ ಮೂರು ಎತ್ತಿಸಿ. ಮೊದಲ ವಾರ ಮುಗಿಯುವಷ್ಟರಲ್ಲಿ ಮಗು ನಿಮ್ಮನ್ನು ಕೇಳಲು ಶುರುಮಾಡುತ್ತದೆ. ಆರೆಂಟ್ಲಿ ಎಷ್ಟು ಎಂಬಲ್ಲಿ ನೀವು ತಡವರಿಸುವುದನ್ನು ಅದು ಅಜ್ಜಿಗೂ ವರದಿ ಮಾಡುತ್ತದೆ, ತಯಾರಾಗಿರಿ.

ಛದ್ಮವೇಷ ಸ್ಪರ್ಧೆಗೆ ಬಂದರೆ ಇಡೀ ಕರ್ನಾಟಕದ ಇತಿಹಾಸ ಒಂದೇ ವೇದಿಕೆ ಮೇಲೆ. ಒನಕೆ ಓಬವ್ವ ಮೂವರು, ಕಿತ್ತೂರು ಚೆನ್ನಮ್ಮ ಇಬ್ಬರು, ಒಬ್ಬ ರಾಯಣ್ಣ, ನಡುವೆ ಒಂದು ಟೊಮೆಟೊ. ಇಲ್ಲಿ ಹಿರಿಯರು ಯೋಚಿಸುವುದು ವೇದಿಕೆಯ ಎರಡು ನಿಮಿಷವನ್ನು ಮಾತ್ರ. ಮಗು ಆ ವೇಷದಲ್ಲಿರುವುದು ಎರಡು ಮೂರು ಗಂಟೆ. ಹಾಗಾಗಿ ಮೊದಲ ಪ್ರಶ್ನೆ, ಇದರಲ್ಲಿ ಬಾತ್‌ರೂಮಿಗೆ ಹೋಗಲು ಆಗುತ್ತದೆಯೇ? ಎರಡನೆಯದು, ಆಟೋದಲ್ಲಿ ಕೂರಲು ಆಗುತ್ತದೆಯೇ? ರಟ್ಟಿನ ಟೊಮೆಟೊ ಎರಡಕ್ಕೂ ಇಲ್ಲ ಅನ್ನುತ್ತದೆ. ಮುಂದೆ ಒಂದು ರಟ್ಟು, ಹಿಂದೆ ಒಂದು, ಹೆಗಲ ಮೇಲೆ ಲಾಡಿ, ಪಕ್ಕದಲ್ಲಿ ಕಟ್ಟಲು ದಾರ ಇಟ್ಟುಕೊಂಡು ಅಲ್ಲಿ ಹೋಗಿ ಕಟ್ಟಿ.

ಓಬವ್ವನಿಗೆ ಐದೂವರೆ ಮೀಟರ್ ಸೀರೆ ಸುತ್ತಿದರೆ ಸೀರೆ ಮಾತ್ರ ಕಾಣುತ್ತದೆ. ಎರಡೂವರೆ ಮೀಟರಿನ ದುಪಟ್ಟಾ ಸಾಕು. ನೆರಿಗೆಯನ್ನು ಮೊದಲೇ ಹೊಲಿದು ಎಲಾಸ್ಟಿಕ್ ಹಾಕಿದ ಲಂಗದ ಮೇಲೆ ಕೂರಿಸಿ. ಒನಕೆಗೆ ಚಾರ್ಟ್ ಹಾಳೆಯ ಸುರುಳಿಯೇ ಸರಿ. ಭಾರವಾದದ್ದು ಕೊಟ್ಟರೆ ಹೈದರಾಲಿಯ ಸೈನಿಕ ಸಿಗದೆ ಪಕ್ಕದ ಟೊಮೆಟೊಗೆ ಬೀಳುತ್ತದೆ. ರಾಯಣ್ಣನ ಮೀಸೆಯನ್ನು ಕಾಡಿಗೆಯಲ್ಲಿ ಬರೆಯಿರಿ. ಬರೆಯುವ ಮುಂಚೆ ಒಂದು ಪದರ ಪೌಡರ್, ಬರೆದ ಮೇಲೆ ಹಗುರವಾಗಿ ಇನ್ನೊಂದು. ಇಲ್ಲದಿದ್ದರೆ ಬೆವರಿಗೆ ಇಳಿದು ಮೀಸೆ ಗಡ್ಡವಾಗುತ್ತದೆ. ಹತ್ತಿಯ ಮೀಸೆಯನ್ನು ಅಂಟು ಹಾಕಿ ಚರ್ಮಕ್ಕೆ ಅಂಟಿಸಬೇಡಿ, ಯಾವ ಅಂಟೂ ಬೇಡ. ರುಮಾಲನ್ನು ಹಳೆ ಟೋಪಿಯ ಮೇಲೆ ಸುತ್ತಿ ನಾಲ್ಕು ಕಡೆ ಹೊಲಿದುಬಿಟ್ಟರೆ ಟೋಪಿಯ ಹಾಗೆ ಇಟ್ಟು ತೆಗೆಯಬಹುದು.

ಮಾತು ಎರಡೇ ವಾಕ್ಯ ಇರಲಿ. ಎಂಟು ಸಾಲಿನ ವೀರಾವೇಶ ಬರೆದುಕೊಟ್ಟರೆ ಮಗು ಮೂರನೇ ಸಾಲಿನಲ್ಲಿ ನಿಂತು, ಮೈಕಿನಲ್ಲೇ "ಅಮ್ಮಾ, ಆಮೇಲೇನು?" ಅನ್ನುತ್ತದೆ. ಸಭೆಗೆ ಅದೇ ಇಷ್ಟವಾಗುತ್ತದೆ, ಅದು ಬೇರೆ ಮಾತು.

ಒಂದು ವಿಷಯದಲ್ಲಿ ನಗು ಬೇಡ. ಸೋಮವಾರ ಬೆಳಗಿನ ಹೊಟ್ಟೆನೋವು ಬಹಳ ಸಲ ನಾಟಕವೇ. ಇವತ್ತು ಆಟದ ಪೀರಿಯಡ್ ಇದೆ ಎಂದು ನೆನಪಾದ ಕೂಡಲೇ ವಾಸಿಯಾಗುತ್ತದೆ. ಆದರೆ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ ಅಥವಾ ವಾಂತಿ ಜೊತೆಗಿನ ನೋವು, ಹೊಟ್ಟೆಯ ಬಲಭಾಗ ಕೆಳಗೆ ಮುಟ್ಟಿದರೆ ಅಳುವ ನೋವು, ಇವಕ್ಕೆ ಡಾಕ್ಟರು ಬೇಕು. ಶಾಲೆ ಇರುವ ದಿನವಷ್ಟೇ ಮತ್ತೆ ಮತ್ತೆ ಬರುವ ನೋವೂ ಸುಳ್ಳೆಂದು ತಳ್ಳಿಹಾಕುವಂಥದ್ದಲ್ಲ. ಶೌಚಾಲಯ ಗಲೀಜಾಗಿದೆಯೇ, ಯಾರಾದರೂ ಹೆದರಿಸುತ್ತಿದ್ದಾರೆಯೇ, ಸಮಾಧಾನವಾಗಿ ಕೇಳಿ.

ಕೊನೆಗೆ ಪ್ರಶ್ನೋತ್ತರದಲ್ಲಿ ಎರಡು ಪ್ರಶ್ನೆ ಬಂದವು.

ಮಗು ಮಾಡಿದ್ದು ಸೊಟ್ಟಗಿದೆ, ಬೇರೆಯವರ ಮನೆಯಿಂದ ಅಂಗಡಿಯಲ್ಲಿ ಮಾಡಿಸಿದಂಥ ಮಾದರಿ ಬರುತ್ತದೆ, ನಮ್ಮದನ್ನು ಹೇಗೆ ಕಳಿಸುವುದು ಎಂದು ಒಬ್ಬರು ಕೇಳಿದರು. ಹಾಗೇ ಕಳಿಸಿ. ಟೀಚರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಎರಡನೇ ತರಗತಿಯ ಕೈಗೆ ಅಷ್ಟು ನೇರವಾಗಿ ಕತ್ತರಿಸಲು ಬರುವುದಿಲ್ಲ ಎಂದು. "ಇದು ಹೇಗೆ ಮಾಡಿದೆ?" ಎಂದು ಕೇಳಿದಾಗ ಉತ್ತರ ಕೊಡಬಲ್ಲದ್ದು ಸೊಟ್ಟ ಮಾದರಿ ಮಾಡಿದ ಮಗು ಮಾತ್ರ. ಇನ್ನೊಂದು ಮಗು ಪ್ರಾಮಾಣಿಕವಾಗಿ "ಗೊತ್ತಿಲ್ಲ ಮಿಸ್, ನಾನು ಮಲಗಿದ್ದೆ" ಅನ್ನುತ್ತದೆ.

ರಾತ್ರಿ ಹತ್ತಕ್ಕೆ ಚಾರ್ಟ್ ಹಾಳೆ ಬೇಕೆಂದರೆ ಏನು ಮಾಡುವುದು ಎಂಬುದು ಎರಡನೆಯದು. ಗೋಡೆ ಕ್ಯಾಲೆಂಡರಿನ ಹಾಳೆ ತಿರುಗಿಸಿ. ಹಿಂಬದಿ ಖಾಲಿ ಇರುವ ದೊಡ್ಡ ಕ್ಯಾಲೆಂಡರಾದರೆ ಎರಡು ಹಾಳೆ ಪಕ್ಕಪಕ್ಕ ಇಟ್ಟು, ಬರೆಯದ ಕಡೆ ಟೇಪ್ ಹಚ್ಚಿ. ಮುಂದುಗಡೆ ಹಚ್ಚಿದರೆ ಸ್ಕೆಚ್ ಪೆನ್ನು ಟೇಪಿನ ಮೇಲೆ ಹಿಡಿಯುವುದಿಲ್ಲ. ಮುಗಿದ ತಿಂಗಳ ಹಾಳೆಯನ್ನಷ್ಟೇ ಹರಿಯಿರಿ. ಅದಕ್ಕೂ ಮುಂಚೆ ಮನೆಯಲ್ಲಿ ಒಮ್ಮೆ ಕೇಳಿ, ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ತಾರೀಖು ಬರೆದಿರುವುದು ಅದರ ಮೇಲೆಯೇ.